ಅಟ್ಟದ ಮೇಲೆ ಸಿಕ್ಕಿದ ಸ್ಪೆಕ್ಟ್ರಂ: ರಿಪೇರಿ ಮಾಡ್ಲಾ, ಹೊಸದಾಗೇ ಕಟ್ಲಾ?

ತಿಪಟೂರ್_ಕಾಯಿ · ಸೋಮವಾರ ರಾತ್ರಿ

ಎಲ್ರಿಗೂ ನಮಸ್ಕಾರ. ಇರೋದು ತುಮಕೂರು, ಮೂಲ ತಿಪಟೂರು. ನಿನ್ನೆ ದೊಡ್ಡಪ್ಪನ ಮನೆ ಅಟ್ಟ ಖಾಲಿ ಮಾಡೋಕೆ ಹೋಗಿದ್ವಿ, ಅಲ್ಲಿ ಗೋಣಿಚೀಲದಲ್ಲಿ ಸುತ್ತಿ ಹುರಿಯಲ್ಲಿ ಕಟ್ಟಿದ್ದ ಒಂದು ಗಂಟು, ಬಿಚ್ಚಿದ್ರೆ ಕಪ್ಪು ಕೀಬೋರ್ಡು. ಡಿಬಿ ಸ್ಪೆಕ್ಟ್ರಂ ಪ್ಲಸ್, ಕೀಬೋರ್ಡೊಳಗೇ ಎಲ್ಲ ಇಟ್ಟು ಟಿವಿಗೆ ಸಿಗ್ಸೋ ಹಳೇ ಮನೆ ಕಂಪ್ಯೂಟರ್. ಇಂಗ್ಲೆಂಡಿನ ಸಿಂಕ್ಲೇರ್ ಸ್ಪೆಕ್ಟ್ರಂನ ಪುಣೆಯ ಡೆಸಿಬೆಲ್ಸ್‌ನೋರು ಇಲ್ಲಿ ತಯಾರಿಸಿ ಮಾರ್ತಿದ್ರಲ್ಲ, ಅದೇ. ದೊಡ್ಡಪ್ಪಂದು ಕೊಬ್ಬರಿ ಮಂಡಿ ಇತ್ತು, ಪುಣೇಲಿದ್ದ ಅವರ ಭಾವಮೈದ ತಂದ್ಕೊಟ್ಟಿದ್ದಂತೆ, ಮಂಡಿಗೆ ಟಿವಿ ತಂದಿಟ್ಟು ಅದ್ರಲ್ಲಿ ಬಡ್ಡಿ ಲೆಕ್ಕ ಹಾಕ್ತಾರೆ ಅಂತ ಊರೋರೆಲ್ಲ ನಗ್ತಿದ್ರಂತೆ. ನಾನಾಗ ಇನ್ನೂ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದೆ, ಒಂದು ಸಲ ಕೀ ಮುಟ್ಟೋಕೆ ಹೋಗಿ ಕೈ ಮೇಲೆ ಏಟು ತಿಂದಿದ್ದು ಬಿಟ್ರೆ ಬೇರೇನೂ ನೆನಪಿಲ್ಲ.

ದೊಡ್ಡಪ್ಪ ತೀರ್ಕೊಂಡು ಆರು ವರ್ಷ ಆಯ್ತು. ಗಂಟಲ್ಲಿ ಎರಡು ಕ್ಯಾಸೆಟ್ಟೂ ಇವೆ, ಇದಕ್ಕೆ ಪ್ರೋಗ್ರಾಂ ಇಡ್ತಿದ್ದಿದ್ದು ಕ್ಯಾಸೆಟ್ಟಲ್ಲೇ ಅಲ್ವಾ, ಒಂದರ ಮೇಲೆ ಅವರ ಕೈಬರಹದಲ್ಲಿ "ಲೆಕ್ಕ" ಅಂತಿದೆ.

ನಾನು ಎಲೆಕ್ಟ್ರಾನಿಕ್ಸ್ ಓದಿದವನಲ್ಲ, ಸಾಲ್ಡರಿಂಗ್ ಐರನ್ ಹಿಡಿಯೋಕೆ ಬರುತ್ತೆ ಅಷ್ಟೇ. ಇದನ್ನೇ ರಿಪೇರಿ ಮಾಡ್ಬಹುದಾ? ಇಲ್ಲ ಈಗ ಹೊಸ ಬೋರ್ಡಲ್ಲಿ ಅದೇ ಕಂಪ್ಯೂಟರ್ ಕಟ್ತಾರಂತಲ್ಲ, ಅದು ವಾಸಿನಾ? ಯಾರಾದ್ರೂ ಕೈ ಹಾಕಿದೋರು ಇದ್ರೆ ಹೇಳಿ.

ಸಾಲ್ಡರ್_ಸಿವ · ಸೋಮವಾರ ರಾತ್ರಿ

ಮೊದ್ಲು ಒಂದು ಮಾತು ಗುರೂ, ದಯವಿಟ್ಟು ಕರೆಂಟ್ ಕೊಡ್ಬೇಡಿ!! ಸ್ಪೆಕ್ಟ್ರಂಗೆ 9 ವೋಲ್ಟ್ ಬೇಕು ನಿಜ, ಆದ್ರೆ ಪಿನ್ನಿನ ಮಧ್ಯ ಮೈನಸ್ಸು, ಹೊರಗಡೆ ಪ್ಲಸ್ಸು. ನಾವೆಲ್ಲ ಮನೇಲಿ ಇಟ್ಕೊಂಡಿರೋ ವೈಫೈ ರೂಟರ್ ಅಡಾಪ್ಟರು ಅದಕ್ಕೆ ಉಲ್ಟಾ. ನಾನು ಹದಿನೈದು ವರ್ಷದ ಹಿಂದೆ ಒಂದು ಸ್ಪೆಕ್ಟ್ರಂಗೆ ಹಾಗೇ ಚುಚ್ಚಿ ಬರೀ ವಾಸನೆ ನೋಡಿದ್ದೀನಿ, ಚಿತ್ರ ನೋಡ್ಲೇ ಇಲ್ಲ. ಎಂಜಿ ರೋಡ್ ಹಿಂದಿನ ಸಂದೀಲಿ ಇಪ್ಪತ್ತು ವರ್ಷ ಟಿವಿ ರಿಪೇರಿ ಮಾಡಿದೋನು ನಾನು, ನನಗೇ ಈ ಗತಿ.

ತಿಪಟೂರ್_ಕಾಯಿ · ಸೋಮವಾರ ರಾತ್ರಿ

ಅಯ್ಯೋ ಸಿವಣ್ಣ, ಆಗ್ಲೇ ಕೊಟ್ಬಿಟ್ಟೆ 😬 ಮಗಳ ಮ್ಯೂಸಿಕ್ ಕೀಬೋರ್ಡಿನ ಅಡಾಪ್ಟರ್, 9 ವೋಲ್ಟ್ ಅಂತಿತ್ತು ಚುಚ್ದೆ. ನೀವು ಹೇಳಿದ್ಮೇಲೆ ಓಡಿ ಹೋಗಿ ನೋಡ್ದೆ, ಪುಣ್ಯಕ್ಕೆ ಅದ್ರ ಮೇಲಿನ ಗುರುತಲ್ಲೂ ಮಧ್ಯ ಮೈನಸ್ಸೇ ಇದೆ. ಟಿವಿ ಆಂಟೆನಾ ಪಿನ್ನಿಗೆ ಹಾಕಿ ಅನಲಾಗ್ ಟ್ಯೂನ್ ಬಿಟ್ಟೆ, ಒಂದ್ಕಡೆ ಹಿಡ್ಕೊಳ್ತು, ಬರೀ ಕಪ್ಪು ಬಿಳಿ ಉದ್ದುದ್ದ ಪಟ್ಟೆ, ನಡುವೆ ಚೌಕಚೌಕ. ಅಕ್ಷರ ಇಲ್ಲ. ಎರಡು ನಿಮಿಷ ಬಿಟ್ಟು ತೆಗ್ದೆ.

ಸಾಲ್ಡರ್_ಸಿವ · ಮಂಗಳವಾರ ಬೆಳಗ್ಗೆ

ಮಗಳಿಗೆ ಒಂದು ಐಸ್‌ಕ್ರೀಮ್ ಕೊಡ್ಸಿ. ಪಟ್ಟೆ ಬಂತು ಅಂದ್ರೆ ಯುಎಲ್‌ಎ ಬದುಕಿದೆ, ಅದೇ ದೊಡ್ಡ ಸಮಾಧಾನ. ಆ ಚಿಪ್ಪೇ ಇಡೀ ಮೆಷೀನಿನ ಮೇಸ್ತ್ರಿ, ಚಿತ್ರ ಬರ್ಸೋದು, ಕೀ ಓದೋದು, ಕ್ಯಾಸೆಟ್ಟು, ಬೀಪು ಎಲ್ಲ ಅದರ ತಲೆ ಮೇಲೇ.

ಈಗ ಮಲ್ಟಿಮೀಟರ್ ತಗೊಳ್ಳಿ. ಕೇಸ್ ಬಿಚ್ಚೋವಾಗ ಕೀಬೋರ್ಡಿನ ಪಟ್ಟಿ ಹುಷಾರು, ಒಣಗಿದ ಬಾಳೆಲೆ ಥರ ಇರುತ್ತೆ, ಎಳೆದ್ರೆ ಸೀಳುತ್ತೆ. ಒಳಗೆ 4116 ಅಂತ ಬರ್ದಿರೋ ಎಂಟು ಚಿಕ್ಕ ಐಸಿ ಸಾಲಾಗಿರುತ್ತೆ, ಅದು ಕೆಳಗಿನ 16 ಕೆ ಮೆಮೊರಿ. ಆ ಐಸಿಗೆ ಮೂರು ಥರ ವೋಲ್ಟೇಜ್ ಬೇಕು. ಒಂದನೇ ಕಾಲಲ್ಲಿ ಮೈನಸ್ 5, ಎಂಟನೇದ್ರಲ್ಲಿ 12, ಒಂಬತ್ತರಲ್ಲಿ 5, ಹದಿನಾರು ಗ್ರೌಂಡು. ನಾಲ್ಕನ್ನೂ ಅಳೆದು ಇಲ್ಲಿ ಹಾಕಿ. ಅಳೆಯೋವಾಗ ಪ್ರೋಬ್ ಜಾರಿ ಪಕ್ಕದ ಕಾಲಿಗೆ ತಾಗಿದ್ರೆ ಐಸಿಗೆ ಎಳ್ಳುನೀರು.

ಗೇಟ್_ಲೆವೆಲ್ · ಮಂಗಳವಾರ

ಸರ್, ಬೇಜಾರು ಮಾಡ್ಕೋಬೇಡಿ, ಮೂವತ್ತೈದು ವರ್ಷದ ಮೆಮೊರಿ ಚಿಪ್ಪಿಗೆ ಇಷ್ಟು ಒದ್ದಾಟ ಯಾಕೆ? ನಾನು ಇಲ್ಲೇ ತುಮಕೂರಲ್ಲಿ ಇಂಜಿನಿಯರಿಂಗ್ ಆರನೇ ಸೆಮ್. ಟ್ಯಾಂಗ್ ನ್ಯಾನೋ 9ಕೆ ಅಂತ ಬೆರಳುದ್ದದ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನ ನಾವೇ ಬರ್ದು ಹಾಕೋ ಚಿಪ್ಪು) ಬೋರ್ಡಲ್ಲಿ ಸ್ಪೆಕ್ಟ್ರಂ ಕಟ್ತಾ ಇದೀನಿ, ನೇರ ಎಚ್‌ಡಿಎಂಐಗೆ ಹೋಗುತ್ತೆ. ಆಂಟೆನಾ ಪಿನ್ನೂ ಬೇಡ ಮೂರು ವೋಲ್ಟೇಜೂ ಬೇಡ.

ಎಮ್ಯುಲೇಟರ್ ಅಂದ್ಕೋಬೇಡಿ ಮತ್ತೆ. ಸಾಫ್ಟ್‌ವೇರು ನಟನೆ ಮಾಡೋದಲ್ಲ ಇದು, ಯುಎಲ್‌ಎ ಒಳಗಿದ್ದ ಕೌಂಟರ್‌ಗಳನ್ನೇ ವೆರಿಲಾಗ್ ಅನ್ನೋ ಸರ್ಕ್ಯೂಟ್ ಬರೆಯೋ ಭಾಷೇಲಿ ಬರ್ದು ಆ ಸರ್ಕ್ಯೂಟನ್ನೇ ಚಿಪ್ಪಿನೊಳಗೆ ಎಬ್ಬಿಸೋದು. ಪರದೆಯ ಒಂದು ಗೆರೆಗೆ ಪ್ರೊಸೆಸರ್ ಗಡಿಯಾರದ 224 ಟಿಕ್, ಒಂದು ಫ್ರೇಮಿಗೆ 312 ಗೆರೆ, ಒಟ್ಟು 69888. 3.5 ಮೆಗಾಹರ್ಟ್ಸ್‌ನ ಇದ್ರಿಂದ ಭಾಗ್ಸಿದ್ರೆ ಸೆಕೆಂಡಿಗೆ 50.08 ಫ್ರೇಮ್. ಹಳೇ ಗೇಮ್ ಬರ್ದೋರು ಈ ಟಿಕ್ ಎಣಿಸ್ಕೊಂಡೇ ಬಾರ್ಡರಲ್ಲಿ, ಅಂದ್ರೆ ಪರದೆಯ ಅಂಚಲ್ಲಿ, ಬಣ್ಣ ಬದಲಾಯಿಸ್ತಿದ್ರು, ಒಂದು ಟಿಕ್ ತಪ್ಪಿದ್ರೂ ಗೆರೆ ಅಲ್ಲಾಡುತ್ತೆ. ನಂದು ಇನ್ನೂ ಅಲ್ಲಾಡ್ತಿದೆ, ಅದು ಬೇರೆ ವಿಷ್ಯ.

ಚಾಂಪಿಯನ್_ರೀಫ್ · ಮಂಗಳವಾರ

ಕೆಜಿಎಫ್‌ನಿಂದ ನಮಸ್ಕಾರ. ತಮ್ಮಾ ಗೇಟ್‌ಲೆವೆಲ್, ಎಫ್‌ಪಿಜಿಎ ಚೆನ್ನಾಗಿದೆ, ಆದ್ರೆ ಎಲ್ಲ ಒಂದೇ ಕಪ್ಪು ಚಿಪ್ಪಿನೊಳಗೆ ಹೋಗ್ಬಿಟ್ರೆ ನನ್ನಂಥೋಳಿಗೆ ನೋಡೋಕೆ ಏನಿರುತ್ತೆ? ನಾನು ಕಟ್ಟಿದ್ದು ಹಾರ್ಲೆಕ್ವಿನ್, ಸ್ಪೆಕ್ಟ್ರಂ ಥರಾನೇ ಕೆಲ್ಸ ಮಾಡೋ ಹೊಸ ಬೋರ್ಡು. ಕ್ರಿಸ್ ಸ್ಮಿತ್ ಅನ್ನೋರು ಆ ಯುಎಲ್‌ಎ ಚಿಪ್ಪಿನ ಒಳಗನ್ನ ಬಿಡಿಸಿ ನೋಡಿ 2010ರಲ್ಲಿ ಅದ್ರ ಬಗ್ಗೆ ಒಂದು ಪುಸ್ತಕಾನೇ ತಂದ್ರು, ಹಾರ್ಲೆಕ್ವಿನ್ನಲ್ಲಿ ಯುಎಲ್‌ಎ ಇಲ್ವೇ ಇಲ್ಲ, ಅದು ಮಾಡೋ ಕೆಲ್ಸಾನೆಲ್ಲ 74 ಸರಣಿಯ ಮಾಮೂಲಿ ಐಸಿಗಳು ಹಂಚ್ಕೊಂಡು ಮಾಡ್ತವೆ. ಬೋರ್ಡ್ ಮೇಲೆ ಬೆರಳಿಟ್ಟು, ಇಗೋ ಇಲ್ಲಿ ಗೆರೆ ಎಣಿಸ್ತಾನೆ, ಇಲ್ಲಿ ಬಣ್ಣ ಆರಿಸ್ತಾನೆ ಅಂತ ತೋರಿಸ್ಬಹುದು. ಬೆಂಗಳೂರಿನ ಎಸ್‌ಪಿ ರೋಡಲ್ಲಿ ಎರಡು ಶನಿವಾರ ಅಲೆದ್ರೆ ಮುಕ್ಕಾಲು ಐಸಿ ಸಿಗ್ತವೆ.

ಸಿಗದೇ ಇರೋದು ಝಡ್80, ಸ್ಪೆಕ್ಟ್ರಂನ ಪ್ರೊಸೆಸರ್ರು. 1976ರಿಂದ ಬರ್ತಿದ್ದ ಚಿಪ್ಪು, 2024ರ ಏಪ್ರಿಲ್‌ನಲ್ಲಿ ಝೈಲಾಗ್‌ನೋರು ಇನ್ನು ಮಾಡಲ್ಲ ಅಂದ್ರು, ಜೂನ್ 14 ಕೊನೇ ಆರ್ಡರು. ಅವತ್ತಿನಿಂದ ಆನ್‌ಲೈನಲ್ಲಿ ಬರೋದ್ರಲ್ಲಿ ಅಸಲಿ ಯಾವ್ದು ನಕಲಿ ಯಾವ್ದು ಆ ದೇವ್ರೇ ಬಲ್ಲ. ನನಗೆ ಒಬ್ಬ ಮಾರಾಟಗಾರ 20 ಮೆಗಾಹರ್ಟ್ಸ್ ಸಿಮಾಸ್ (ಹಳೇ ಎನ್‌ಮಾಸ್ ನಂತರ ಬಂದ ತಯಾರಿ) ಅಂತ ಐದು ಕಳಿಸ್ದ, ಅಚ್ಚು ಹೊಳೀತಿತ್ತು. ಉಗುರಿನ ಬಣ್ಣ ತೆಗೆಯೋ ಅಸಿಟೋನ್ ಹತ್ತೀಲಿ ಅದ್ದಿ ಒರೆಸಿದ್ರೆ ಅಕ್ಷರವೆಲ್ಲ ಹತ್ತಿಗೆ ಬಂತು, ಅಡೀಲಿ ಬೇರೆ ನಂಬರ್ ಮಸುಕು ಮಸುಕಾಗಿ ಕಾಣ್ತು.

ಅಸಿಟೋನ್ ಇಲ್ಲದೇನೂ ಪರೀಕ್ಷೆ ಮಾಡ್ಬಹುದು. ಓಡ್ತಿರೋ ಸ್ಪೆಕ್ಟ್ರಂಗೆ ಆ ಚಿಪ್ ಹಾಕಿ 30000ದಿಂದ ಸಾಲಾಗಿ 1, 254, 0, 237, 113, 201 ಪೋಕ್ ಮಾಡಿ, ಅಂದ್ರೆ ಮೆಮೊರೀಲಿ ಇಟ್ಟು, ಅದನ್ನ ಓಡ್ಸೋಕೆ ರಾಂಡಮೈಸ್ ಯುಎಸ್‌ಆರ್ 30000 ಕೊಡಿ. ಕೈಪಿಡೀಲಿ ಇಲ್ಲದ ಒಂದು ಆಜ್ಞೆ ಅದು, ಹಳೇ ಎನ್‌ಮಾಸ್ ಚಿಪ್ಪು ಸೊನ್ನೆ ಕಳ್ಸುತ್ತೆ, ಸಿಮಾಸು 255 ಕಳ್ಸುತ್ತೆ. ಬಾರ್ಡರ್ ಕಪ್ಪಾದ್ರೆ ಎನ್‌ಮಾಸ್, ಬಿಳೀನೇ ಉಳಿದ್ರೆ ಸಿಮಾಸ್. ನನ್ನ ಐದೂ ಕಪ್ಪು.

ಕೋಲಾರದ_ಮೇಷ್ಟ್ರು · ಬುಧವಾರ

ಮಕ್ಕಳೇ, ನಿಮ್ಮ ಮಾತು ಓದಿ ನನ್ನ ಪಾಡೂ ಹೇಳಿಕೊಳ್ಳೋಣ ಅನ್ನಿಸ್ತು. 1984-85ರ ಹೊತ್ತಿಗೆ ಕ್ಲಾಸ್ ಯೋಜನೆ ಅಂತ ಕೇಂದ್ರ ಸರ್ಕಾರದ್ದು ಬಂತು, ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟರು. 32 ಕೆ ಮೆಮೊರಿ, 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್. ನಾನು ಆಗ ಕೆಲಸ ಮಾಡ್ತಿದ್ದ ಶಾಲೆಗೂ ಬಂದಿತ್ತು. ಮುಖ್ಯೋಪಾಧ್ಯಾಯರು ಧೂಳು ಕೂರುತ್ತೆ ಅಂತ ಬೀರುವಿಗೆ ಹಾಕಿ ಬೀಗ ಹಾಕಿದರು, ಇನ್ಸ್‌ಪೆಕ್ಟರ್ ಬಂದ ದಿನ ಮಾತ್ರ ಹೊರಗೆ. ಮಕ್ಕಳು ಅದನ್ನು ಮುಟ್ಟಿದ್ದಕ್ಕಿಂತ ಅದಕ್ಕೆ ಕುಂಕುಮ ಇಟ್ಟಿದ್ದೇ ಹೆಚ್ಚು.

ಬಹಳ ವರ್ಷದ ಮೇಲೆ ಹರಾಜಿನಲ್ಲಿ ಒಂದನ್ನು ನಾನೇ ಗುಜರಿ ಬೆಲೆಗೆ ತಂದೆ. ಮೊದಲ ಸಲ ಸ್ವಿಚ್ ಹಾಕಿದಾಗ ಚೆನ್ನಾಗೇ ಬಂತು, ಹತ್ತು ನಿಮಿಷಕ್ಕೆ ಢಬ್ ಅಂತ ಸದ್ದು, ಮನೆತುಂಬ ಹೊಗೆ, ನಮ್ಮನೆಯವಳು ಸಿಲಿಂಡರ್ ಅಂದುಕೊಂಡು ಬೀದಿಗೇ ಓಡಿದಳು. ಪವರ್ ಸಪ್ಲೈ ಒಳಗೆ ಕರೆಂಟಿನ ಗಲಾಟೆ ತಡೆಯೋಕೆ ಇಟ್ಟಿರೋ ಹಳದಿ ಪಾರದರ್ಶಕ ಕೆಪಾಸಿಟರ್ ಇದೆಯಲ್ಲ, ವಯಸ್ಸಾದ ಮೇಲೆ ಅದರ ಮೈ ಬಿರುಕು ಬಿಟ್ಟು ತೇವ ಕುಡಿಯುತ್ತೆ. ಬಿಬಿಸಿ ಸಿಕ್ಕವರು ಸ್ವಿಚ್ ಹಾಕೋ ಮೊದಲೇ ಅದನ್ನು ಕಿತ್ತು ಹೊಸ ಎಕ್ಸ್2 ಥರದ ಕೆಪಾಸಿಟರ್ ಹಾಕಿ.

ಕೇಸ್ ಹಳದಿಯಾಗಿದ್ದಕ್ಕೆ ಮೊಮ್ಮಗಳು ಪಾರ್ಲರ್‌ನಲ್ಲಿ ಕೂದಲಿಗೆ ಹಚ್ಚೋ ಡೆವಲಪರ್ ಕ್ರೀಂ ತಂದಳು, 12 ಪರ್ಸೆಂಟ್ ಪೆರಾಕ್ಸೈಡ್. ಹಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ತಾರಸಿ ಮೇಲೆ ಹಪ್ಪಳದ ಪಕ್ಕ ಇಟ್ಟೆವು. ಕೋಲಾರದ ಬಿಸಿಲಿಗೆ ಒಂದೇ ದಿನ ಸಾಕಾಯಿತು. ಹಪ್ಪಳ ಮಾತ್ರ ಯಾರೂ ತಿನ್ನಲಿಲ್ಲ.

ನಂದಿ_ತಪ್ಪಲು · ಬುಧವಾರ

ಮೇಷ್ಟ್ರೇ 😂😂 ಹಪ್ಪಳ!

ನಂದು ಚಿಕ್ಕಬಳ್ಳಾಪುರ, ದ್ರಾಕ್ಷಿ ತೋಟ, ಬಿಡುವಿದ್ದಾಗ ಇದೇ ಹುಚ್ಚು. ನಾನು ಏನನ್ನೂ ರಿಪೇರಿ ಮಾಡಲ್ಲ. ಇಎಸ್‌ಪಿ32 ಅನ್ನೋ ಚಿಪ್ ಇರೋ ವಿಜಿಎ ಬೋರ್ಡ್ ಬರುತ್ತಲ್ಲ, ಅದಕ್ಕೆ ಇಎಸ್‌ಪೆಕ್ಟ್ರಂ ಅನ್ನೋ ಸ್ಪೆಕ್ಟ್ರಂ ಎಮ್ಯುಲೇಟರ್ ಹಾಕಿ ಒಂದು ಹಳೇ ಮಾನಿಟರು ಕೀಬೋರ್ಡು ಸಿಗ್ಸಿ ಊರಿನ ಮಕ್ಕಳಿಗೆ ಕೊಟ್ಟಿದೀನಿ. ಆನ್ ಮಾಡಿದ್ರೆ ನೇರ ಪ್ರೋಗ್ರಾಂ ಬರೆಯೋ ಬೇಸಿಕ್ ಭಾಷೆ, ಅಪ್‌ಡೇಟು ಲಾಗಿನ್ನು ಜಾಹೀರಾತು ಏನೂ ಇಲ್ಲ. ಮೊದಲನೇ ದಿನಾನೇ ಒಬ್ಬ ಹುಡ್ಗ ತನ್ನ ಹೆಸ್ರು ಸ್ಕ್ರೀನ್ ತುಂಬ ಬರ್ಸಿ ಬ್ರೇಕ್ ಹೆಂಗೆ ಒತ್ತೋದು ಅಂತ ಗೊತ್ತಾಗ್ದೆ ಅತ್ತ. ನನ್ನ ಲೆಕ್ಕದಲ್ಲಿ ಹಳೇ ಕಂಪ್ಯೂಟರ್ ಅಂದ್ರೆ ಅದೇ, ಡಬ್ಬ ಅಲ್ಲ. ಡಬ್ಬ ಯಾವ್ದಾದ್ರೇನು?

ಸಾಲ್ಡರ್_ಸಿವ · ಬುಧವಾರ

ಡಬ್ಬ ಯಾವ್ದಾದ್ರೇನು ಅಂದ್ರೆ ನಾನು ಒಪ್ಪಲ್ಲ. ಹಂಗಾದ್ರೆ ದೊಡ್ಡಪ್ಪನ ಮೆಷೀನ್ ಗುಜರಿಗೆ ಹಾಕಿ ಮೊಬೈಲಲ್ಲೇ ಆಡ್ಬಹುದಲ್ಲ. ಅವ್ರ ಬೆರಳು ಒತ್ತಿ ಒತ್ತಿ ಎಂಟರ್ ಕೀ ಸವೆದಿರುತ್ತೆ ನೋಡಿ, ಅದು ಯಾವ ಎಫ್‌ಪಿಜಿಎ ಒಳಗೆ ಬರುತ್ತೆ?

ಗೇಟ್_ಲೆವೆಲ್ · ಬುಧವಾರ

ಆದ್ರೆ ಸಿವಣ್ಣ, ನೀವು ಕೆಪಾಸಿಟರ್ ಬದಲಾಯಿಸ್ತೀರ, ಮೆಮೊರಿ ಬದಲಾಯಿಸ್ತೀರ, ಕೀಬೋರ್ಡ್ ಪಟ್ಟಿ ಹೊಸದು ಹಾಕ್ತೀರ, ನಾಳೆ ಯುಎಲ್‌ಎ ಹೋದ್ರೆ ಅದ್ರ ಜಾಗಕ್ಕೆ ವಿಎಲ್‌ಎ82 ಅಂತ ಹೊಸದಾಗಿ ಮಾಡಿರೋದನ್ನ ತಂದ್ ಕೂರಿಸ್ತೀರ. ಕೊನೆಗೆ ಹಳೇದು ಅಂತ ಏನ್ ಉಳೀತು?

ಚಾಂಪಿಯನ್_ರೀಫ್ · ಬುಧವಾರ

ತೇರು ಉಳೀತು. ಗಾಲಿ ಬದಲಾಯಿಸ್ತಾರೆ, ಅಚ್ಚು ಬದಲಾಯಿಸ್ತಾರೆ, ಹಗ್ಗ ವರ್ಷವರ್ಷ ಹೊಸದು. ಆದ್ರೂ ಅದೇ ತೇರು ಅಂತಾನೇ ಎಳೀತೀವಲ್ಲ.

ಗೇಟ್_ಲೆವೆಲ್ · ಬುಧವಾರ

ಅಕ್ಕ, ತೇರಿಗೆ ಎಚ್‌ಡಿಎಂಐ ಯಾರೂ ಕೇಳಲ್ಲ 😄

ಕೋಲಾರದ_ಮೇಷ್ಟ್ರು · ಬುಧವಾರ

ನಾನು ನನ್ನ ಬಿಬಿಸಿಗೆ ಅಂಥದ್ದೇ ಒಂದು ಕೆಲಸ ಮಾಡಿದೀನಿ. ಅದರ ಹೊಟ್ಟೆ ಕೆಳಗೆ ಟ್ಯೂಬ್ ಅಂತ ಒಂದು ಕನೆಕ್ಟರ್ ಇದೆ, ಎರಡನೇ ಪ್ರೊಸೆಸರ್ ಸಿಗಿಸೋಕೆ ಅಂತಲೇ ಕೊಟ್ಟಿದ್ದು. ಅಲ್ಲಿಗೆ ಒಂದು ರಾಸ್ಪ್ಬೆರಿ ಪೈ ಝೀರೋ ಹಾಕಿದರೆ ಅದೇ 6502 ಥರ ನಟಿಸಿ, ಮೆಗಾಹರ್ಟ್ಸ್ ಲೆಕ್ಕದಲ್ಲಿ ನೂರಾರರ ವೇಗದಲ್ಲಿ ಓಡುತ್ತೆ, ಮೂಲ ಚಿಪ್ಪು ಬರೀ ಕೀಬೋರ್ಡು ಪರದೆ ನೋಡಿಕೊಂಡು ಕೂತಿರುತ್ತೆ. ತಮಾಷೆ ಏನು ಗೊತ್ತಾ, ಪೈ ಒಳಗಿರೋ ಎಆರ್‌ಎಂ ಪ್ರೊಸೆಸರ್ ಮೊದಲು ಹುಟ್ಟಿದ್ದೇ 1985ರಲ್ಲಿ, ಬಿಬಿಸಿ ಮೈಕ್ರೋ ಮಾಡಿದ ಏಕಾರ್ನ್ ಕಂಪನೀಲೇ, ಆಗಲೂ ಅದನ್ನು ಇದೇ ಟ್ಯೂಬಿಗೆ ಸಿಗಿಸಿಯೇ ಓಡಿಸಿದ್ದು. ಮೊಮ್ಮಗ ಊರಿಗೆ ಬಂದು ಅಜ್ಜನ ಹೊಲ ಉತ್ತ ಹಾಗಾಯಿತು. ಇದನ್ನು ಹಳೇದು ಅಂತೀರೋ ಹೊಸದು ಅಂತೀರೋ ನಿಮಗೇ ಬಿಟ್ಟಿದ್ದು, ನನಗಂತೂ ರಾತ್ರಿ ನಿದ್ದೆ ಬರದಿದ್ದಾಗ ಒಳ್ಳೇ ಸಂಗಾತಿ.

ತಿಪಟೂರ್_ಕಾಯಿ · ಶುಕ್ರವಾರ ರಾತ್ರಿ

ನೀವೆಲ್ಲ ಜಗಳ ಆಡ್ತಿರಿ, ನಾನು ಅಳೆದೆ. 5 ಸರಿಯಾಗಿದೆ. 12 ಬರ್ಬೇಕಾದ ಕಡೆ 9ರ ಆಸುಪಾಸು. ಮೈನಸ್ 5 ಇಲ್ವೇ ಇಲ್ಲ, ಸೊನ್ನೆ.

ಸಾಲ್ಡರ್_ಸಿವ · ಶುಕ್ರವಾರ ರಾತ್ರಿ

ಅಂದ್ಕೊಂಡಿದ್ದೇ ಆಯ್ತು. ಟಿಆರ್4 ಅಂತ ಬರ್ದಿರೋ ಟ್ರಾನ್ಸಿಸ್ಟರ್ ಹೋಗಿದೆ, ಪಕ್ಕದ ಟಿಆರ್5ಉ ಜೊತೆಗೇ ಬದಲಾಯಿಸಿ. ಅವೆರಡೂ ಒಂದು ಕಾಯಿಲ್ ಜೊತೆ ಸೇರ್ಕೊಂಡು 9 ವೋಲ್ಟನ್ನ 12 ಮಾಡ್ತವೆ, ಅದೇ ಏಟಿಗೆ ಮೈನಸ್ 5ಉ ಹುಟ್ಟುತ್ತೆ. ತೊಂದ್ರೆ ಏನಂದ್ರೆ ಮೈನಸ್ 5 ಇಲ್ದೆ ಈ 4116ಗೆ ಮೇಲಿನ ವೋಲ್ಟೇಜ್ ಹೋದ್ರೆ ಅದು ಒಳಗೇ ಬೇಯುತ್ತೆ. ಒಂದೆರಡು ಮೆಮೊರಿನೂ ಹೋಗಿರುತ್ತೆ, ರೆಡಿಯಾಗಿರಿ. ಪವರ್ ಸರಿ ಆದ್ಮೇಲೆ ಎಂಟರ ಮೇಲೂ ಬೆರಳಿಟ್ಟು ನೋಡಿ, ಯಾವ್ದು ಬೆರಳು ಸುಡುತ್ತೋ ಅದು.

ಕೀಳೋವಾಗ ಇಡೀ ಐಸಿ ಎಳೀಬೇಡಿ, ಬೋರ್ಡಿನ ತಾಮ್ರದ ಗೆರೆ ಕಿತ್ಕೊಂಡು ಬರುತ್ತೆ. ಐಸಿ ಹೇಗೂ ಸತ್ತಿದೆ, ಕಟರ್‌ನಲ್ಲಿ ಹದಿನಾರೂ ಕಾಲು ಕತ್ತರಿಸಿ, ಮೈ ತೆಗ್ದು, ಆಮೇಲೆ ಒಂದೊಂದೇ ಕಾಲು ಬಿಸಿ ಮಾಡಿ ಚಿಮಟದಲ್ಲಿ ಎತ್ತಿ. ಆ ಜಾಗಕ್ಕೆ ಸಾಕೆಟ್ ಹಾಕ್ಬಿಡಿ, ಇನ್ನೊಂದು ಸಲ ಹೋದ್ರೆ ಕಷ್ಟ ಇಲ್ಲ.

ಅಂದ ಹಾಗೆ ಮೆಮೊರಿ ಅಂದ್ಕೂಡ್ಲೆ ನೆನಪಾಯ್ತು, ಮೂಲ ಸ್ಪೆಕ್ಟ್ರಂನಲ್ಲಿ ಮೇಲಿನ 32 ಕೆಗೆ ಏನ್ ಹಾಕಿದ್ರು ಗೊತ್ತಾ? 64 ಕಿಲೋಬಿಟ್ ಐಸಿ ಮಾಡೋವಾಗ ಅರ್ಧ ಕೆಟ್ಟು ಅರ್ಧ ಸರಿ ಇರೋವನ್ನ ಕಮ್ಮಿ ಬೆಲೆಗೆ ತಗೊಂಡು, ಸರಿ ಇರೋ ಅರ್ಧ ಮಾತ್ರ ಬಳಸ್ಕೊಂಡ್ರು. ನಿಮ್ಮೂರ ಮಂಡೀಲಿ ಒಂದು ಹೋಳು ಕಪ್ಪಾದ ಕೊಬ್ಬರಿ ಬಂದ್ರೆ ಒಳ್ಳೇ ಹೋಳು ಬೇರೆ ಮಾಡಿ ಮಾರಲ್ವಾ, ಹಂಗೇ.

ತಿಪಟೂರ್_ಕಾಯಿ · ಮುಂದಿನ ಭಾನುವಾರ

ನಿನ್ನೆ ಬೆಳಗ್ಗೆ ಟ್ರೈನು, ಮೆಜೆಸ್ಟಿಕ್ಕಲ್ಲಿ ಇಳಿದು ಎಸ್‌ಪಿ ರೋಡು. ಟ್ರಾನ್ಸಿಸ್ಟರ್ ಕೊಟ್ಟ ಅಂಗಡಿಯೋರು "ಇದ್ಯಾವ ಕಾಲದ್ದು ಸಾರ್" ಅಂತ ಡಬ್ಬಿ ತಳದಿಂದ ಹುಡುಕಿ ತೆಗೆದ್ರು. ಮೆಮೊರಿಗೆ ನಾಲ್ಕು ಅಂಗಡಿ ಸುತ್ತಿ ಕೊನೆಗೆ ಒಂದ್ಕಡೆ ಹಳೇ ಬೋರ್ಡಿಂದ ಕಿತ್ತಿದ್ದು ಮೂರು ಸಿಕ್ತು. ವಾಪಸ್ ಬರ್ತಾ ಕ್ಯಾತ್ಸಂದ್ರದಲ್ಲಿ ಇಳಿದು ತಟ್ಟೆ ಇಡ್ಲಿ ತಿಂದ್ಕೊಂಡು ಸೀದಾ ಸಿವಣ್ಣನ ಮನೆ.

ಎರಡು ಐಸಿ ಸುಡ್ತಿದ್ವು, ಎರಡೂ ಬದಲಾಯ್ಸಿದ್ವಿ. ಸಾಲ್ಡರ್ ಎಲ್ಲ ಸಿವಣ್ಣಂದೇ, ನಾನು ಟಾರ್ಚ್ ಹಿಡಿದಿದ್ದೆ. ಟಿವಿಗೆ ಹೋಗೋ ಮಾಡ್ಯುಲೇಟರ್ ಪಕ್ಕಕ್ಕಿಟ್ಟು ನೇರ ಎವಿ ಪಿನ್ನಿಗೆ ತಂತಿ ಎಳೆದ್ರು, ಚಿತ್ರ ಎಷ್ಟು ಚೊಕ್ಕ ಬಂತು ಅಂದ್ರೆ! ಸ್ವಿಚ್ ಹಾಕಿದ್ವಿ, ಒಂದು ಕ್ಷಣ ಕಪ್ಪು, ಆಮೇಲೆ ಬಿಳಿ, ಕೆಳಗಡೆ 1982 ಅಂತ ಕಾಪಿರೈಟ್ ಸಾಲು. ಇಬ್ರೂ ಮಾತಾಡ್ಲಿಲ್ಲ. ಒಳಗಿಂದ ಅತ್ತಿಗೆ "ಏನಾಯ್ತು, ಶಾಕ್ ಹೊಡೀತಾ" ಅಂದ್ರು.

ಎಂಟರ್ ಕೀ ಸಿವಣ್ಣ ಅಂದಂಗೆ ಸವೆದಿದೆ. ಸೊನ್ನೆ ಕೀನೂ.

ಗೇಟ್_ಲೆವೆಲ್ · ಭಾನುವಾರ

ಸರ್ ಸೂಪರ್!!! ಒಪ್ಕೊಂಡೆ, ಇದನ್ನ ಓದಿ ಹೊಟ್ಟೆಕಿಚ್ಚಾಯ್ತು. ಒಂದು ಕೆಲ್ಸ ಮಾಡೋಣ, ಅದ್ರಲ್ಲಿ ಕನ್ನಡ ಬರ್ಸೋಣ. ನಾನು ನನ್ನ ಎಫ್‌ಪಿಜಿಎ ಮೇಲೆ ಶುರು ಮಾಡಿದೀನಿ, ಅದೇ ಕೋಡ್ ನಿಮ್ಮ ಮೆಷೀನಲ್ಲೂ ಓಡ್ಲೇಬೇಕು.

ಒಂದು ಅಕ್ಷರಕ್ಕೆ 8 ಅಡ್ಡ 8 ಉದ್ದ ಚುಕ್ಕೆ, ಅಷ್ಟೇ. ತಲೆಕಟ್ಟಿಗೇ ಎರಡು ಸಾಲು ಹೋಗುತ್ತೆ, ಉಳಿದ ಆರರಲ್ಲಿ ದ ಬರುತ್ತೆ, ಕಷ್ಟಪಟ್ಟು ಅಡೀಲಿ ಒಂದು ಚುಕ್ಕೆ ಸೀಳಿದ್ರೆ ಧ ಬರುತ್ತೆ, ಥ ಮಾಡೋಕೆ ಹೊಟ್ಟೆಯೊಳಗೆ ಇನ್ನೊಂದು ಚುಕ್ಕೆ ಇಡ್ಬೇಕು, ಇಟ್ರೆ ಅದು ಸೀಳಿಗೆ ಅಂಟ್ಕೊಂಡು ಏನೋ ಹುಳ ಕಂಡಂಗೆ ಕಾಣುತ್ತೆ. ಮೂರು ದಿನದಿಂದ ಥ ಜೊತೆ ಗುದ್ದಾಡ್ತಿದೀನಿ. ಸ್ಪೆಕ್ಟ್ರಂ ನಮಗೇ ಅಂತ ಬಿಟ್ಟಿರೋ ಅಕ್ಷರ 21, 65368ನೇ ವಿಳಾಸದಿಂದ. ಅದ್ರಲ್ಲಿ ನಮ್ಮ ವ್ಯಂಜನಾನೇ ಹಿಡಿಯಲ್ಲ. ಅದಕ್ಕೆ 23606ರಲ್ಲಿರೋ ಅಕ್ಷರಮಾಲೆ ವಿಳಾಸವನ್ನೇ ತಿರುಗಿಸಿ 96 ಅಕ್ಷರದ ಪೂರ್ತಿ ಸೆಟ್ ಹೊಸದು ಇಟ್ಟೆ, ಒಂದು ಸೆಟ್ಟಿಗೆ 768 ಬೈಟು, ಅಂಥವು ಮೂರು.

ಚಾಂಪಿಯನ್_ರೀಫ್ · ಭಾನುವಾರ

ಒತ್ತಕ್ಷರ ಏನ್ ಮಾಡ್ತೀಯ?

ಗೇಟ್_ಲೆವೆಲ್ · ಭಾನುವಾರ

ಕೆಳಗಿನ ಸಾಲಿಗೆ ಇಳಿಸ್ತೀನಿ ಅಕ್ಕ. 24 ಸಾಲಿನ ಪರದೆ ಕನ್ನಡಕ್ಕೆ 12 ಸಾಲಾಗುತ್ತೆ, ನೋಟ್‌ಬುಕ್ಕಲ್ಲಿ ಗೆರೆ ಬಿಟ್ಟು ಗೆರೆ ಬರೆದಂಗೆ. ಕೀ ಜೋಡಣೆ ಕೆ.ಪಿ. ರಾಯರದ್ದೇ, ನುಡಿಯಲ್ಲಿ ಕೈ ಪಳಗಿರೋರಿಗೆ ಹೊಸದಾಗಿ ಕಲಿಯೋದು ಬೇಡ.

ತಿಪಟೂರ್_ಕಾಯಿ · ಗುರುವಾರ

ಈಗ ಕ್ಯಾಸೆಟ್ಟಿನ ಕತೆ. "ಲೆಕ್ಕ" ಅಂತ ಬರ್ದಿದ್ದನ್ನ ಹಳೇ ಟೇಪ್‌ರೆಕಾರ್ಡರಲ್ಲಿ ಹಾಕಿದ್ರೆ ಮೊದ್ಲು ಏನೂ ಹಿಡೀಲಿಲ್ಲ. ಹೆಡ್ ಪಕ್ಕ ಒಂದು ಚಿಕ್ಕ ಸ್ಕ್ರೂ ಇರುತ್ತೆ, ಅದನ್ನ ತಿರುಗಿಸ್ತಾ ಕೇಳಿ, ಸದ್ದು ಚೂಪಾದಾಗ ನಿಲ್ಸಿ ಅಂತ ಸಿವಣ್ಣ ಫೋನಲ್ಲಿ ಹೇಳಿದ್ರು. ತಿರುಗಿಸ್ದೆ. ಬಾರ್ಡರಲ್ಲಿ ಕೆಂಪು ತಿಳಿನೀಲಿ ದಪ್ಪ ಪಟ್ಟೆ ಓಡಿದ್ವು, ಆಮೇಲೆ ಪರದೆ ಮೇಲೆ ಪ್ರೋಗ್ರಾಂ ಅಂತ ಬಂದು ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ಹೆಸ್ರು: ಬಡ್ಡಿಲೆಕ್ಕ (BADDILEKKA). ಸ್ಪೆಕ್ಟ್ರಂನಲ್ಲಿ ಹೆಸರಿಗೆ ಹತ್ತೇ ಅಕ್ಷರ, ಎಣಿಸಿ ನೋಡಿ, ಸರಿಯಾಗಿ ಹತ್ತು ಬರುತ್ತೆ. ಕೂತು ಎಣಿಸೇ ಇಟ್ಟಿರ್ತಾರೆ ದೊಡ್ಡಪ್ಪ.

ಆಮೇಲೆ ಹಳದಿ ನೀಲಿ ಸಣ್ಣ ಗೆರೆ ಒಂದು ಹತ್ತು ಸೆಕೆಂಡು, ಪಟ್ ಅಂತ ಟೇಪ್ ಲೋಡಿಂಗ್ ಎರರ್. ಎಷ್ಟು ಸಲ ಮಾಡಿದ್ರೂ ಅದೇ ಜಾಗ. ಕೇಬಲ್ ಕಿತ್ತು ಸ್ಪೀಕರಲ್ಲಿ ಕೇಳಿದ್ರೆ, ಕಿರ್ರ್ ಅನ್ನೋ ಸದ್ದು ನಿಂತು ದೊಡ್ಡಮ್ಮನ ದನಿ, ಸೋಬಾನೆ ಪದ! ಅಕ್ಕನ ಮದುವೆಗೆ ಹೇಳ್ಕೊಟ್ಟಿದ್ದನ್ನ ಅದೇ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಮಾಡಿದಾರೆ.

ಗೇಟ್_ಲೆವೆಲ್ · ಗುರುವಾರ

ಸರ್, ಟೇಪನ್ನ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿ ಕಳ್ಸಿ. ಸ್ಪೆಕ್ಟ್ರಂ ಕೊನೇ ಬೈಟ್ ತನಕ ಸರಿ ಇಲ್ದಿದ್ರೆ ಒಪ್ಪಲ್ಲ, ಆದ್ರೆ ಹತ್ತು ಸೆಕೆಂಡಲ್ಲಿ ಸಾವಿರ ಚಿಲ್ರೆ ಬೈಟ್ ಬಂದಿರುತ್ತೆ, ನಾನು ಅಲೆ ನೋಡಿ ಬಿಡಿಸ್ತೀನಿ. ಚಿಕ್ಕ ಅಲೆ ಸೊನ್ನೆ, ಅದರ ಎರಡರಷ್ಟು ಉದ್ದದ್ದು ಒಂದು. ಅಷ್ಟೇ.

ಗೇಟ್_ಲೆವೆಲ್ · ಶನಿವಾರ ಬೆಳಗಿನ ಜಾವ

ಬಂತು. ಮೊದಲು ದೊಡ್ಡ ದೊಡ್ಡ ರೆಮ್ ಸಾಲುಗಳು, ಅದ್ರಲ್ಲಿ ಬರೀ ರೇಟಿನ ಟಿಪ್ಪಣಿ, ಮಂಡಿ ಚೀಟಿ ಬರೆದಂಗೆ. ಆಮೇಲೆ ಇನ್‌ಪುಟ್‌ನಲ್ಲಿ "ಅಸಲು", "ತಿಂಗಳು" ಅಂತ ಕೇಳ್ತಾರೆ. ದರ 1.5 ಅಂತ ಮೊದಲೇ ಇಟ್ಟಿದಾರೆ. 70ನೇ ಸಾಲು "ಲೆಟ್ ಬಿ =" ತನಕ ಇದೆ, ಅಲ್ಲಿಂದ ದೊಡ್ಡಮ್ಮ.

ನಂದಿ_ತಪ್ಪಲು · ಶನಿವಾರ

ಉಳಿದಿದ್ದು ಕಷ್ಟ ಇಲ್ಲ ಬಿಡಿ, ಅಸಲು ಇಂಟು ದರ ಇಂಟು ತಿಂಗಳು ಭಾಗಿಸು 100. ಬರ್ದು ಓಡ್ಸಿ.

ತಿಪಟೂರ್_ಕಾಯಿ · ಭಾನುವಾರ ರಾತ್ರಿ

ನಾನೂ ಹಂಗೇ ಬರ್ದಿದ್ದೆ. ಇವತ್ತು ಮೆಷೀನು ತಗೊಂಡು ತಿಪಟೂರಿಗೇ ಹೋದೆ, ದೊಡ್ಡಮ್ಮನ ಟಿವಿಗೆ ಹಾಕ್ದೆ. ಮೊದ್ಲು ತಮ್ಮ ಹಾಡು ಕೇಳಿ ನಕ್ರು, ಆಮೇಲೆ ಕೂತ್ಕೊಂಡು ನೋಡಿದ್ರು. ಗೇಟ್‌ಲೆವೆಲ್ ಹುಡ್ಗನ ಕನ್ನಡ ಫಾಂಟ್ ಹಾಕಿದ್ದೆ, ಮೇಲ್ಗಡೆ ದಪ್ಪಕ್ಕೆ ಬಡ್ಡಿ ಅಂತ, ಡ ಒತ್ತು ಸಾಲಿನ ಕೆಳಗೆ ಸರಿಯಾಗಿ ಕೂತಿತ್ತು. ಅಸಲು 3500, ತಿಂಗಳು 5 ಅಂತ ಕೊಟ್ಟೆ. 262.5 ಅಂತ ಬಂತು.

"ಹಂಗೆ ಬರ್ತಿರ್ಲಿಲ್ಲ ಕಣೋ" ಅಂದ್ರು. "ನಿಮ್ಮ ದೊಡ್ಡಪ್ಪ ಪೈಸೆ ತಗೋತಿರ್ಲಿಲ್ಲ, ಅದ್ರಲ್ಲೂ ಪೈಸೆ ಬರ್ತಿರ್ಲಿಲ್ಲ."

70ನೇ ಸಾಲಿಗೆ ದಶಾಂಶ ಬಿಡೋ ಐಎನ್‌ಟಿ ಸೇರಿಸ್ದೆ. 262.

ಇನ್ನೊಂದು ಕ್ಯಾಸೆಟ್ಟಿನ ಮೇಲೆ ಏನೂ ಬರ್ದಿಲ್ಲ, ಸಿವಣ್ಣ ಬರೋ ಭಾನುವಾರ ಬಿಡುವಾ?